ಸಿಸ್ಟರ್ ಒಪ್ಪದ ನಾಲ್ಕು ಟೈರುಗಳು

ಅವತ್ತಿನ ಬೆಳಿಗ್ಗೆಯೂ ಎಂದಿನಂತೆಯೇ ಶುರುವಾಗಿತ್ತು. ಹಾಲು ಕಾಯಿಸಿಟ್ಟು, ಚಟ್ನಿಗೆ ಕಾಯಿ ತುರಿಯುತ್ತಾ ಕೂತಿದ್ದೆ. ಒಂದು ಹೋಳು ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅಂಗಳದಿಂದ ಯಜಮಾನರ ದನಿ ಕೇಳಿಸಿತು. ಕಾರಿನ ಪಕ್ಕ ನಿಂತು ಮಗಳ ಜೊತೆ ವಾದಕ್ಕೆ ಇಳಿದಿದ್ದರು.

"ಇನ್ನೊಂದ್ ಮಳೆಗಾಲ ಬತ್ತವೆ ಕಣೇ ಇವು. ಈಗ್ಲೇ ಏನ್ ಅರ್ಜೆಂಟು?"

"ಅಪ್ಪಾ, ಟೈರಲ್ಲಿ ಬಟನ್ನೇ ಇಲ್ಲ ನೋಡು. ನಿನ್ ತಲೆ ಥರ ನುಣ್ಣಗಾಗೈತೆ."

ನಾನು ಒಳಗೇ ನಕ್ಕೆ. ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ನಮ್ಮದು ಏಳು ಸೀಟಿನ ದೊಡ್ಡ ಕಾರು. ಇಷ್ಟು ದಿನ ಅದನ್ನು ಓಡಿಸುತ್ತಿದ್ದವರು ಯಜಮಾನರೊಬ್ಬರೇ. ಬಿಳಿಗೆರೆ ಹತ್ತಿರದ ತೋಟಕ್ಕೆ, ನೆಂಟರ ಮನೆಗೆ, ಮದುವೆ ಮುಂಜಿಗೆ. ಈಗ ಮಗಳಿಗೆ ಲೈಸೆನ್ಸ್ ಬಂದಿತ್ತು. ಸೋಮವಾರದಿಂದ ತಿಪಟೂರಿನ ಕಾಲೇಜಿಗೆ ತಾನೇ ಓಡಿಸಿಕೊಂಡು ಹೋಗುತ್ತೇನೆ ಎಂದು ಹಟ ಹಿಡಿದು ಒಪ್ಪಿಸಿದ್ದಳು. ಒಪ್ಪಿದ ಗಳಿಗೆಯಿಂದ ನನಗೆ ಒಳಗೊಳಗೇ ಪುಕುಪುಕು.

ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ. ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಟೈರಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದೆ. ಒಳಮಗ್ಗುಲಿನ ಗೆರೆಗಳು ಪೂರ್ತಿ ಅಳಿಸಿಹೋಗಿದ್ದವು.

"ಇದೇನೇ, ಎಮ್ಮೆ ಯಾಪಾರಕ್ಕೆ ಬಂದೋಳಂಗೆ ಸವರ್ತಿದೀಯ?" ಎಂದರು ಯಜಮಾನರು.

ಎಲ್ಲಿ ಕಲಿತೆ ಇದನ್ನು ಎಂದು ನನಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೊಳೆದದ್ದು ತಿಂಡಿ ಮುಗಿಸಿ ಮೂವರೂ ತಿಪಟೂರಿನ ಟೈರ್ ಅಂಗಡಿಗೆ ಹೋದಾಗ. ಒಳಗೆ ಕಾಲಿಡುತ್ತಿದ್ದಂತೆ ಹೊಸ ರಬ್ಬರಿನ ವಾಸನೆ ಮುಖಕ್ಕೆ ಬಡಿಯಿತು. ಹೊಸ ಸ್ಲೇಟು, ಹೊಸ ಚಪ್ಪಲಿ, ಬಿಸಿಲಲ್ಲಿ ಕಾದ ಸೈಕಲ್ ಟ್ಯೂಬು ಎಲ್ಲ ಕಲೆತಂಥ ವಾಸನೆ. ಇದೇ ವಾಸನೆಯ ಮಧ್ಯೆ, ಶಾಲೆಯ ಮೈದಾನದಲ್ಲಿ, ನಮ್ಮಪ್ಪ ನನ್ನ ಮಣಿಕಟ್ಟು ಹಿಡಿದು ಎಳೆದಿದ್ದರು. ಎದುರಿಗೆ ನಮ್ಮ ಸಿಸ್ಟರ್ ನಿಂತಿದ್ದರು...

ನಾವಾಗ ಅರಳಗುಪ್ಪೆ ಕಡೆಯ ಒಂದು ಸಣ್ಣ ಊರಿನಲ್ಲಿದ್ದೆವು. ಕಾನ್ವೆಂಟ್ ಇದ್ದದ್ದು ಪೇಟೆಯಲ್ಲಿ. ಸುತ್ತಿನ ಊರುಗಳ ಹೆಣ್ಣುಮಕ್ಕಳನ್ನು ಕರೆದೊಯ್ಯಲು ಶಾಲೆಯದೊಂದು ವ್ಯಾನಿತ್ತು. ಅದನ್ನು ಓಡಿಸುತ್ತಿದ್ದವರು ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್. ಕರಾವಳಿಯ ಕಡೆಯವರು, ಅವರ ಕನ್ನಡ ಪುಸ್ತಕದಿಂದ ಎದ್ದು ಬಂದ ಹಾಗಿರುತ್ತಿತ್ತು. ಹೆಂಗಸೊಬ್ಬಳು ವ್ಯಾನು ಓಡಿಸುವುದನ್ನು ನೋಡಲು ಮೊದಮೊದಲು ನಮ್ಮೂರ ಅರಳಿಕಟ್ಟೆಯಲ್ಲಿ ಗಂಡಸರು ಬೇಕೆಂದೇ ಕೂರುತ್ತಿದ್ದರಂತೆ.

ಸಿಸ್ಟರ್ ವ್ಯಾನು ಹತ್ತುವ ಮುಂಚೆ ಅದರ ಸುತ್ತ ಒಂದು ಪ್ರದಕ್ಷಿಣೆ ಬರುತ್ತಿದ್ದರು. ಪ್ರತಿ ಚಕ್ರದ ಮುಂದೆ ಬಗ್ಗಿ ಅಂಗೈಯಿಂದ ಸವರುತ್ತಿದ್ದರು. ಆಮೇಲೆ ಜೇಬಿನಿಂದ ನೀಲಿ ಅಂಚಿನ ಕರ್ಚೀಫು ತೆಗೆದು ಬೆರಳು ಬೆರಳನ್ನೂ ಒರೆಸಿಕೊಳ್ಳುತ್ತಿದ್ದರು. ಜಪಮಾಲೆಯ ಹಾಗೆ ಇದೂ ಅವರದೊಂದು ಪ್ರಾರ್ಥನೆ ಎಂದು ನಾವು ತಿಳಿದಿದ್ದೆವು. ಒಬ್ಬಳಂತೂ ತನ್ನ ಅಣ್ಣನ ಸೈಕಲ್ಲನ್ನೂ ಹಾಗೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ನಾನು ಎಂಟನೇ ತರಗತಿಯಲ್ಲಿದ್ದೆ. ಸುಗ್ಗಿಯ ಕಾಲ. ಆ ದಿನಗಳಲ್ಲಿ ನಮ್ಮ ಕಡೆಯ ಟಾರು ರಸ್ತೆಗಳೆಲ್ಲ ಕಣಗಳಾಗುತ್ತವೆ. ಕಿತ್ತು ತಂದ ಹುರುಳಿಯನ್ನು ರಸ್ತೆಗೆ ಹರಡಿಬಿಟ್ಟರೆ, ಹೋಗಿಬರುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಅವತ್ತು ಬೆಳಗಿನ ಜಾವ ಸಣ್ಣಗೆ ಹನಿ ಬಿದ್ದಿತ್ತು. ನಮ್ಮ ವ್ಯಾನು ಕೆರೆ ಏರಿಯ ಮೇಲೆ ಬರುತ್ತಿತ್ತು. ತಿರುವಿನಲ್ಲಿ ಉದ್ದಕ್ಕೂ ಹುರುಳಿ ಹರಡಿತ್ತು.

ಸಿಸ್ಟರ್ ನಿಧಾನ ಮಾಡಿದರು. ಆದರೂ ವ್ಯಾನು ಅವರ ಮಾತು ಕೇಳಲಿಲ್ಲ. ಕೆಳಗೆ ಒದ್ದೆ ಹುಲ್ಲು, ಹುಲ್ಲಿನ ಕೆಳಗೆ ಉರುಳುವ ಕಾಳು. ವ್ಯಾನು ಮುಂದಕ್ಕೆ ಹೋಗುವುದು ಬಿಟ್ಟು ಅಡ್ಡಡ್ಡಕ್ಕೆ, ಒಂದಿಷ್ಟೂ ಸದ್ದಿಲ್ಲದೆ ಜಾರತೊಡಗಿತು. ಅದೇ ಹೆಚ್ಚು ಭಯವಾಗಿದ್ದು, ಸದ್ದಿಲ್ಲದ್ದು. ಯಾರದೋ ಊಟದ ಡಬ್ಬಿ ಸೀಟಿನ ಕೆಳಗಿನಿಂದ ಉರುಳಿ ಬಂದು ನನ್ನ ಕಾಲಿಗೆ ತಾಗಿತು. ಏರಿಯ ಅಂಚಿನ ಕಲ್ಲಿಗೆ ಚಕ್ರ ಒತ್ತಿಕೊಂಡು ವ್ಯಾನು ನಿಂತಿತು. ಕಿಟಕಿಯಿಂದ ಕೆಳಗೆ ನೋಡಿದೆ. ರಸ್ತೆ ಕಾಣಲಿಲ್ಲ. ಬರೀ ನೀರು.

"ಮಕ್ಕಳೇ, ಯಾರೂ ಏಳಬಾರದು," ಎಂದರು ಸಿಸ್ಟರ್. ದನಿ ಎತ್ತಲಿಲ್ಲ, ತಿರುಗಿಯೂ ನೋಡಲಿಲ್ಲ. ಕಾಲು ಬ್ರೇಕಿನ ಮೇಲೇ ಇತ್ತು. "ಬಾಗಿಲ ಕಡೆಯವರು ಮೊದಲು. ಒಬ್ಬೊಬ್ಬರಾಗಿ. ತಳ್ಳಾಡುವುದು ಬೇಡ."

ನಾನು ಕೆರೆಯ ಕಡೆ ಕೂತಿದ್ದವಳು. ನನ್ನ ಸರದಿ ಕೊನೆಗೆ. ಒಬ್ಬೊಬ್ಬರು ಇಳಿದಾಗಲೂ ವ್ಯಾನು ಸಣ್ಣಗೆ ಅಲುಗುತ್ತಿತ್ತು. ಸಿಸ್ಟರ್ ಕತ್ತಿನ ಹಿಂದೆ ಬೆವರು ಇಳಿದು ಬಿಳಿಯ ಕಾಲರು ಒದ್ದೆಯಾಗುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ...

ಹುರುಳಿ ಹರಡಿದ್ದ ಹೆಂಗಸು ಓಡಿ ಬಂದಳು. "ಎಲ್ಲಾ ಗಾಡಿನೂ ಹೋಗ್ತವೆ ಸಿಸ್ಟ್ರಮ್ಮ, ನಿಮ್ದೊಂದೇ ಯಾಕಿಂಗಾಯ್ತು?"

ಎಲ್ಲರೂ ಇಳಿದ ಮೇಲೆ ಸಿಸ್ಟರ್ ತಾವೊಬ್ಬರೇ ವ್ಯಾನನ್ನು ಹಿಂದಕ್ಕೆ ತೆಗೆದು ನಿಲ್ಲಿಸಿದ್ದರು. ಈಗ ಕೆಳಗಿಳಿದು ಚಕ್ರದ ಮೇಲೆ ಅಂಗೈ ಇಟ್ಟು ಸವರಿದರು. "ಹುಲ್ಲಿನದು ತಪ್ಪಲ್ಲಮ್ಮ. ಈ ಟೈರಿನಲ್ಲಿ ಏನೂ ಉಳಿದಿಲ್ಲ. ಇನ್ನೂ ಸ್ವಲ್ಪ ದಿನ ಬರುತ್ತದೆ ಎಂದು ನಾನೇ ಎಣಿಸಿದ್ದೆ," ಎಂದರು.

ಮಾರನೆಯ ದಿನ ವ್ಯಾನು ಬರಲಿಲ್ಲ. ಹೊಸ ಟೈರು ಹಾಕುವವರೆಗೆ ತಾನು ಮಕ್ಕಳನ್ನು ಕೂರಿಸಿಕೊಳ್ಳುವುದಿಲ್ಲ ಎಂದು ಸಿಸ್ಟರ್ ಹೇಳಿದ್ದರು. ಶಾಲೆಯವರು ಮುಂದಿನ ವರ್ಷ ನೋಡೋಣ ಎಂದರಂತೆ. ಈ ಜಗ್ಗಾಟದಲ್ಲಿ ಸಿಕ್ಕಿಕೊಂಡವಳು ನಾನು. ನಮ್ಮೂರ ಶಾಲೆ ಏಳನೆಯ ತರಗತಿಗೇ ಮುಗಿಯುತ್ತಿತ್ತು. ವ್ಯಾನಿಲ್ಲದಿದ್ದರೆ ನನ್ನ ಓದೂ ಅಲ್ಲಿಗೇ ಮುಗಿದಂತೆ.

"ಬಸ್ನಾಗೆ ಗಂಡುಡುಗ್ರ ಮಧ್ಯೆ ನೇತಾಡ್ಕೊಂಡ್ ಓದೋದೇನ್ ಬ್ಯಾಡ," ಎಂದರು ಅಪ್ಪ. "ಓದಿದ್ದು ಸಾಕು ಬುಡು. ಅವ್ವನ ಜತೆ ಕೊಬ್ರಿ ಸುಲಿಯೋದ್ ಕಲ್ತ್ಕೋ."

ಕೊಬ್ಬರಿ ಅಟ್ಟದ ಕೆಳಗೆ ಕೂತು ಒಣಗಿದ ಗಿಟುಕು ಕಾಯಿಯ ನಾರಿನ ಜುಂಗು ಕೀಳುತ್ತಾ ನಾನು ಬೈದುಕೊಂಡದ್ದು ಅಪ್ಪನನ್ನಲ್ಲ, ಸಿಸ್ಟರನ್ನು. ಒಂದು ದಿನ ಜಾರಿತು, ನಿಂತಿತು. ಓಡಿಸಿದ್ದರೆ ಏನಾಗುತ್ತಿತ್ತು?

ಅದೇ ವಾರ, ಬೆಳಗಿನ ಮೊದಲ ಬಸ್ಸಿನಿಂದ ಸಿಸ್ಟರ್ ನಮ್ಮೂರಲ್ಲಿ ಇಳಿದರು. ನೇರ ನಮ್ಮ ಜಗಲಿಗೆ ಬಂದು, "ಇವಳನ್ನು ಕಳಿಸಿ. ನಾನೇ ಕರೆದುಕೊಂಡು ಹೋಗುತ್ತೇನೆ, ನಾನೇ ತಂದು ಬಿಡುತ್ತೇನೆ," ಎಂದರು. ಅಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆಮೇಲಿನ ದಿನಗಳಲ್ಲಿ ಅದೇ ನಡೆಯಿತು. ನಾಲ್ಕಾರು ಊರಿನ ಹುಡುಗಿಯರನ್ನು ಮುಂದೆ ನಿಲ್ಲಿಸಿಕೊಂಡು, ಎರಡೂ ಕೈಯಲ್ಲಿ ಮೇಲಿನ ಕಂಬಿ ಹಿಡಿದು, ಅವರು ಬಸ್ಸಿನಲ್ಲಿ ಗೋಡೆಯಂತೆ ನಿಲ್ಲುತ್ತಿದ್ದರು. ಬ್ರೇಕು ಬಿದ್ದಾಗೆಲ್ಲ ಅವರ ತಲೆಯ ಬಟ್ಟೆ ಸರಿದು ನರೆತ ಕೂದಲು ಕಾಣುತ್ತಿತ್ತು. ಸರಿಮಾಡಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಇದನ್ನು ನೋಡಲಾರದೆ ಹುಡುಗಿಯರ ಅಪ್ಪಂದಿರು ತಮ್ಮಲ್ಲೇ ಮಾತಾಡಿಕೊಂಡು ವ್ಯಾನಿಗೆ ಟೈರು ತಂದರು. ಸಿಸ್ಟರಿಗೆ ಹೇಳಲಿಲ್ಲ. ಅವರು ಪಾಠ ಮಾಡುತ್ತಿದ್ದಾಗ ಹಾಕಿಸಿಬಿಟ್ಟು ಆಮೇಲೆ ಕರೆದರು. ನಾವೆಲ್ಲ ಮೈದಾನಕ್ಕೆ ಓಡಿದೆವು. ವ್ಯಾನಿಗೆ ಸೇವಂತಿಗೆ ಹಾರ, ನಾಲ್ಕು ಚಕ್ರಕ್ಕೂ ಅರಿಶಿನ ಕುಂಕುಮ, ಅಡಿಯಲ್ಲಿ ನಿಂಬೆಹಣ್ಣು. ತೆಂಗಿನ ಸೀಮೆಯವರಲ್ಲವೇ, ಪ್ರತಿಯೊಬ್ಬ ಅಪ್ಪನೂ ತನ್ನ ತೋಟದ್ದೇ ಒಂದು ಕಾಯಿ ತಂದಿದ್ದ. ಒಂದಾದ ಮೇಲೊಂದು ಒಡೆದು ಮುಂದಿನ ಚಕ್ರದ ಹತ್ತಿರ ಕಾಯಿನೀರಿನ ಸಣ್ಣ ಹೊಂಡವೇ ಆಗಿತ್ತು. ಅದರ ಮೇಲೆ ಹೊಸ ರಬ್ಬರಿನ ವಾಸನೆ.

ಸಿಸ್ಟರ್ ಮುಖ ಅರಳಿತ್ತು. ವಾಡಿಕೆಯಂತೆ ಬಗ್ಗಿ ಅಂಗೈ ಇಟ್ಟರು. ಸವರುತ್ತಾ ಹೋದ ಕೈ ಪಕ್ಕದ ಅಂಚಿನಲ್ಲಿ ನಿಂತಿತು. ಉಗುರಿನಿಂದ ಅಲ್ಲೊಂದು ಗೆರೆಯನ್ನು ಮೆಲ್ಲಗೆ ಒತ್ತಿದರು.

"ಇದು ಹೊಸದಲ್ಲ. ಹಳೆಯ ಟೈರಿಗೆ ಮೇಲಿನಿಂದ ರಬ್ಬರ್ ಹೊದಿಸಿದ್ದು."

"ರೀಸೋಲ್ ಟೈರು ಸಿಸ್ಟ್ರೇ," ಎಂದರು ಒಬ್ಬರು. "ಲಾರಿಯೋರೆಲ್ಲಾ ಇದ್ನೇ ಹಾಕ್ಸದು. ಕಲ್ಲಿದ್ದಂಗೈತೆ."

"ಲಾರಿಯ ವಿಷಯ ನನಗೆ ಬೇಡ. ಕೆರೆ ಏರಿಯ ಮೇಲೆ ಇದರ ಹೊದಿಕೆ ಕಿತ್ತು ಬಂದರೆ ನಾನು ಎಂತ ಮಾಡುವುದು?"

"ಪೂಜೆ ಆಗೋಗೈತೆ," ಎಂದರು ಇನ್ನೊಬ್ಬರು. "ಕಾಯಿ ಒಡ್ದಿದ್ದೀವಿ. ಇನ್ ಬಿಚ್ಚಾಕಾಗ್ತದಾ? ನಮ್ ಮಕ್ಳಿಗೆ ನಾವೇ ಕೆಟ್ಟದ್ ಬಯಸ್ತೀವಾ?"

ಸಿಸ್ಟರ್ ಕರ್ಚೀಫು ತೆಗೆದು ಕೈ ಒರೆಸಿಕೊಂಡರು. ಕುಂಕುಮ ಅಂಟಿತ್ತು, ಅದಕ್ಕೇ ಒರೆಸಿಕೊಂಡದ್ದು. ಆದರೆ ನೋಡಿದವರಿಗೆ ಹಾಗೆ ಕಾಣಲಿಲ್ಲ. ಅಪ್ಪನ ಮುಖ ಕಪ್ಪಿಟ್ಟಿತು. ಬಂದು ನನ್ನ ಮಣಿಕಟ್ಟು ಹಿಡಿದರು.

"ಬಾಮ್ಮ, ಹೋಗನ. ನಾವ್ ತಂದಿದ್ದು ಇವ್ರಿಗೆ ಅಸಹ್ಯ. ಸಾಕು ಈ ಸ್ಕೂಲಿನ ಸವಾಸ."

ಬೇರೆ ಇಬ್ಬರು ಅಪ್ಪಂದಿರೂ ಮಕ್ಕಳನ್ನು ಕರೆದರು. ಎಳೆದ ಕಡೆ ಹೆಜ್ಜೆ ಇಟ್ಟೆ. ಅಳಲೂ ತಿಳಿಯಲಿಲ್ಲ. ಆಗ ಸಿಸ್ಟರ್ ಅಡ್ಡ ಬಂದು ನಿಂತರು. ಅಪ್ಪನಿಗಿಂತ ಗೇಣುದ್ದ ಕುಳ್ಳಗಿದ್ದರು.

"ಹುಡುಗಿಯನ್ನು ಬಿಡಿ. ವ್ಯಾನು ಓಡಲಿ. ಓಡಿಸುವುದಕ್ಕೆ ಬೇರೆಯವರು ಬರಲಿ. ನನ್ನ ಕೈಯಿಂದ ಆಗುವುದಿಲ್ಲ, ಅಷ್ಟೇ. ಅದಕ್ಕಾಗಿ ಇವಳ ಓದು ನಿಲ್ಲುವುದು ಬೇಡ."

ಹಾಗೆಂದು ಬೀಗದ ಕೈಯನ್ನು ಅಲ್ಲೇ ನಿಂತಿದ್ದ ಹೆಡ್‌ಮಿಸ್ಟ್ರೆಸ್ ಅಂಗೈಯಲ್ಲಿಟ್ಟು, ತರಗತಿಗೆ ಹೋಗಿ ಅರ್ಧಕ್ಕೆ ನಿಂತಿದ್ದ ಪಾಠ ಮುಂದುವರಿಸಿದರು. ಅಪ್ಪನ ಹಿಡಿತ ಸಡಿಲವಾಯಿತು. ನಾನೂ ಹೋಗಿ ನನ್ನ ಜಾಗದಲ್ಲಿ ಕೂತೆ.

ಆಮೇಲೆ ಏನೂ ಆಗಲಿಲ್ಲ. ಇದನ್ನು ಇದ್ದ ಹಾಗೆಯೇ ಹೇಳಬೇಕು. ಡ್ರೈವರೊಬ್ಬರು ಬಂದರು. ಆ ಟೈರುಗಳು ಮಳೆಯಲ್ಲಿ, ಬಿಸಿಲಲ್ಲಿ, ಹುರುಳಿಯ ಮೇಲೆ, ರಾಗಿ ಹುಲ್ಲಿನ ಮೇಲೆ ಸುಮ್ಮನೆ ಉರುಳಿದವು. ನಾನು ಹತ್ತನೆಯ ತರಗತಿ ಮುಗಿಸಿದ್ದು ಅವುಗಳ ಮೇಲೆಯೇ. "ನೋಡ್ದಾ, ಏನಾಯ್ತು ನಿಮ್ ಸಿಸ್ಟ್ರು ಹೇಳಿದ್ದು?" ಎಂದು ಅಪ್ಪ ಆಗಾಗ ಕೆಣಕುತ್ತಿದ್ದರು.

ಆದರೆ ಆ ವರ್ಷ ಮುಗಿಯುವವರೆಗೂ ಸಿಸ್ಟರ್ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತಿರುತ್ತಿದ್ದರು. ಪ್ರಾರ್ಥನೆಯ ಗಂಟೆ ಹೊಡೆದರೂ ಒಳಗೆ ಹೋಗುತ್ತಿರಲಿಲ್ಲ. ವ್ಯಾನು ಬಂದು ಕೊನೆಯ ಹುಡುಗಿ ಇಳಿದ ಮೇಲೆಯೇ ಅವರ ಭುಜ ಸ್ವಲ್ಪ ಕೆಳಗಿಳಿಯುತ್ತಿತ್ತು. ಯಾರನ್ನೂ ದೂರಲಿಲ್ಲ. ವರ್ಷದ ಕೊನೆಗೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ರಜೆಯಲ್ಲಿ ಹೋದರು. ನಮಗೆ ಗೊತ್ತಾದದ್ದು ಶಾಲೆ ಮತ್ತೆ ತೆರೆದಾಗ...

"ಅಕ್ಕ, ಮುಂದಿನ್ ಎರಡು ಹೊಸದಾಕ್ಸಿ ಸಾಕು. ಹಿಂದ್ಲವು ಇನ್ನೂ ಬತ್ತವೆ," ಎಂದು ಟೈರ್ ಅಂಗಡಿಯವನು ಹೇಳಿದಾಗ ನಾನು ಬೆಚ್ಚಿ ಈಚೆಗೆ ಬಂದೆ. ಯಜಮಾನರು ಆಗಲೇ ದಪ್ಪ ದಪ್ಪ ಹಲ್ಲಿನ ಟೈರೊಂದರ ಮುಂದೆ ನಿಂತಿದ್ದರು. "ಇದ್ ನೋಡೇ. ಗಾಡಿಗೊಂದ್ ಗತ್ತು ಬತ್ತದೆ."

"ಒದ್ದೆ ರೋಡಲ್ಲಿ ಬ್ರೇಕ್ ಹಾಕಿದ್ರೆ ಯಾವುದು ಚೆನ್ನಾಗಿ ಹಿಡಿಯುತ್ತೆ?" ಎಂದು ಕೇಳಿದೆ. ಅಂಗಡಿಯವನು ಉತ್ತರವನ್ನು ಯಜಮಾನರಿಗೆ ಹೇಳತೊಡಗಿದ. "ಕೇಳಿದ್ದು ಅಮ್ಮ," ಎಂದಳು ಮಗಳು.

ಅವನು ನಕ್ಕು ಮೂಲೆಯಲ್ಲಿದ್ದ ಸಾದಾ ಟೈರುಗಳನ್ನು ತೋರಿಸಿದ. "ಆಲ್ ಸೀಸನ್ ಅಕ್ಕ. ಮಳೆ, ಬಿಸ್ಲು, ಎಲ್ಲಕ್ಕೂ ಆಗ್ತದೆ. ಆದ್ರೆ ನೋಡಕ್ಕೇನ್ ಅಂಥಾ ಚೆಂದ ಇಲ್ಲ. ಆ ಹಲ್ಲಿನದು ಮಣ್ಣಿನ ದಾರಿಗೆ ಸರಿ."

ನಾನು ಅಂಗೈ ಇಟ್ಟು ಸವರಿದೆ. ಪಕ್ಕದ ಅಂಚನ್ನೂ ನೋಡಿದೆ. "ಇವು. ನಾಲ್ಕೂ," ಎಂದೆ. ಹತ್ತು ಜನರೆದುರು ಯಜಮಾನರ ಮಾತಿಗೆ ಎದುರಾಡಿದವಳಲ್ಲ ನಾನು. ಅವರು ನನ್ನನ್ನೇ ನೋಡಿದರು. ಅಂಗಡಿಯವನು ಬೇರೆಲ್ಲೋ ನೋಡಿದ. ಬೇಡ ಎಂದರೆ ಮಗಳ ಕೈಗೆ ಕೀ ಕೊಡುವುದಿಲ್ಲ ಎಂದು ನಾನು ಒಳಗೇ ತೀರ್ಮಾನಿಸಿಬಿಟ್ಟಿದ್ದೆ.

"ಸರಿ, ಹಾಕಪ್ಪ. ಅವ್ಳು ಹೇಳ್ದಂಗೆ," ಎಂದರು ಕೊನೆಗೆ.

ಮನೆಗೆ ಮಗಳೇ ಓಡಿಸಿಕೊಂಡು ಬಂದಳು. ದಾರಿಯುದ್ದಕ್ಕೂ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸಿಕ್ಕ ಸಹಪಾಠಿ ಹೇಳಿದ್ದಳು, ಸಿಸ್ಟರ್ ತಮ್ಮ ಊರಿನ ಕಡೆಯ ಕಾನ್ವೆಂಟಿನಲ್ಲೇ ತೀರಿಕೊಂಡರಂತೆ. ಅವರು ಹೆದರಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಗೇಟಿನಲ್ಲಿ ನಿಂತು ಅವರು ಏನನ್ನು ಕಾಯುತ್ತಿದ್ದರು ಎನ್ನುವುದು ಮಾತ್ರ ಅವತ್ತು ಗೊತ್ತಾಯಿತು. ಹೇಳಿಕೊಳ್ಳಲು ಈಗ ಅವರಿಲ್ಲ.

ಸಂಜೆ ಅಂಗಳದಲ್ಲಿ ನೀರು ಚಿಮುಕಿಸುತ್ತಿದ್ದೆ. ಪಕ್ಕದ ಮನೆಯಾಕೆ ಕರಿಬೇವಿಗೆಂದು ಬಂದವರು ಕಾರಿನ ಹತ್ತಿರ ನಿಂತರು. ಟೈರು ಹೊಸದು ಎಂದು ನಾನೇ ಹೇಳಿದೆ. ಬಗ್ಗಿ ನೋಡಿದರು.

"ಹೌದಾ? ನಂಗೇನೂ ಬ್ಯಾರೆ ಕಾಣಲ್ಲಪ್ಪ," ಎಂದು ಕರಿಬೇವು ಮಡಿಲಿಗೆ ಹಾಕಿಕೊಂಡು ಹೊರಟವರು, ಗೇಟಿನಾಚೆಯಿಂದ ಹೇಳಿದರು. "ಸೋಮವಾರದಿಂದ ನಮ್ ಹುಡ್ಗೀನೂ ಇದ್ರಾಗೇ ಕಳಿಸ್ತೀನಿ ಕಣ್ರೀ. ಬಸ್ಸು ಬಲೇ ರಶ್ಶು."