ನಾಗಪುರದ ಅರಳಿ ಸಸಿ

ನಾಗಪುರದಿಂದ ನಂಜನಗೂಡಿಗೆ ಮೂರು ರೈಲು ಹತ್ತಬೇಕು. ಹೋಗುವಾಗ ಅದು ದೂರ ಅಂತಲೇ ಅನಿಸಿರಲಿಲ್ಲ. ಬರುವಾಗ ಮಾತ್ರ ಬೆನ್ನು, ಸೊಂಟ, ತಾಳ್ಮೆ ಮೂರೂ ಒಟ್ಟಿಗೆ ಕೈಕೊಟ್ಟವು. ಜೊತೆಗಿದ್ದವಳು ದೊಡ್ಡವ್ವ, ನನ್ನ ಅವ್ವನ ಅಕ್ಕ. ಎಪ್ಪತ್ತರ ಹತ್ತಿರದ ವಯಸ್ಸು, ಕೂತು ಕೂತು ಊದಿಕೊಂಡ ಕಾಲು, ಎರಡು ಬ್ಯಾಗು, ಅದರ ಮೇಲೊಂದು ಗಿಡ.

ಆ ಗಿಡ ಕಂಡರೆ ನನಗೆ ಆಗುತ್ತಿರಲಿಲ್ಲ. ಗೇಣುದ್ದದ ಅರಳಿ ಸಸಿ. ನೀರಿನ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿ, ಹಳೆ ಸೀರೆಯ ಒದ್ದೆ ಚೂರು ಸುತ್ತಿದ್ದಳು. ನಾವು ಕುಡಿಯಲು ಕೊಂಡ ನೀರಿನಲ್ಲಿ ಮೊದಲ ಗುಟುಕು ಅದಕ್ಕೆ. ಕಿಟಕಿಯ ಸೀಟು ಅದಕ್ಕೆ. ಯಾರಾದರೂ ಕಾಲು ಚಾಚಿದರೆ ನಾನು ಎದ್ದು ಅವರಿಗೆ ಹೇಳಬೇಕು. ಎರಡನೆಯ ದಿನ ನಾನು ಸಿಡುಕಿಯೇಬಿಟ್ಟೆ: "ನಮ್ಮೂರಲ್ಲಿ ಅರಳಿಗೇನು ಬರವಾ? ಕಂಡ ಕಂಡ ಗೋಡೇಲೆಲ್ಲ ಹುಟ್ಟುತ್ತೆ."

"ಉಟ್ಲಿ. ಅದು ಅದೇ, ಇದು ಇದೇ," ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವಳ ಕೇರಿಯವರೆಲ್ಲ ಸೇರಿ ಹೋದ ವರ್ಷ ಒಂದು ಚಿಕ್ಕ ಬುದ್ಧವಿಹಾರ ಕಟ್ಟಿದ್ದರು. ಅದರ ಮುಂದೆ ನೆಡಲು, ಬೌದ್ಧ ದೀಕ್ಷೆ ಕೊಡುವ ನಾಗಪುರದ ದೀಕ್ಷಾಭೂಮಿಯಿಂದಲೇ ಅರಳಿ ತರುತ್ತೇನೆ ಅಂತ ಅವಳು ಎಲ್ಲರಿಗೂ ಮಾತು ಕೊಟ್ಟು ಹೊರಟಿದ್ದಳು. ಗುಂಡಿ ಆಗಲೇ ತೋಡಿ ಇಟ್ಟಿದ್ದರು. ನಂಜನಗೂಡಿನಲ್ಲಿ ಗುಮಾಸ್ತನಾಗಿರುವ ನನಗೆ ದಸರಾ ರಜೆ ಇತ್ತು, ಹಾಗಾಗಿ ಅವಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ವಿಜಯದಶಮಿಯ ದಿನ ಆ ಮೈದಾನದಲ್ಲಿ ಕಣ್ಣು ಹಾಯುವಷ್ಟು ದೂರ ಬಿಳಿ ಬಟ್ಟೆ. ಭಿಕ್ಷುಗಳು ಹೇಳಿಕೊಟ್ಟದ್ದನ್ನು ದೊಡ್ಡವ್ವ ಕಣ್ಣು ಮುಚ್ಚಿ ಹೇಳಿದಳು. ಆಮೇಲೆ ಅರ್ಥ ಕೇಳಿದಳು. ಕೊಲ್ಲಬಾರದು, ಕದಿಯಬಾರದು, ಕೆಟ್ಟ ನಡತೆ ಬೇಡ, ಸುಳ್ಳು ಹೇಳಬಾರದು, ಕುಡಿಯಬಾರದು ಅಂತ ಬಿಡಿಸಿ ಹೇಳಿದೆ. ಬೆರಳು ಮಡಚಿ ಎಣಿಸಿದವಳು ಒಂದು ಬೆರಳನ್ನು ಮಾತ್ರ ಹಿಡಿದುಕೊಂಡು ಕೂತಳು.

"ನಾಕು ಮೊದ್ಲಿಂದ್ಲೂ ನಡೆಸ್ಕಂಡು ಬಂದಿವ್ನಿ ಕಣ್ಲಾ. ಸುಳ್ಳು ಒಂದೇ ಕಷ್ಟ. ಮೇಸ್ತ್ರಿಗೆ ಜರ ಅಂತ ಸುಳ್ಳೇಳ್ದೆ ಕೂಲಿ ಮಾಡಕಾಯ್ತದಾ? ಓಗ್ಲಿ, ಇನ್ಮೇಲೆ ಅದ್ನೂ ಬುಟ್ಟೆ."

ಬಿಟ್ಟದ್ದು ನಿಜ. ಬೆಂಗಳೂರಿನಿಂದ ಮೈಸೂರಿಗೆ ಬರುವಾಗ ಪಕ್ಕದ ಹೆಂಗಸು ಪ್ರೀತಿಯಿಂದ ಚಿತ್ರಾನ್ನ ಕೊಟ್ಟು, ಹೇಗಿದೆ ಅಂತ ಕೇಳಿದರು. "ಉಪ್ಪಿಲ್ಲ ಕಣವ್ವ," ಅಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಮೈಸೂರು ಸ್ಟೇಷನ್ನಿನಲ್ಲಿ ದಸರಾ ಮುಗಿಸಿ ಊರಿಗೆ ಮರಳುವವರ ನೂಕುನುಗ್ಗಲು. ಬಸ್‌ಸ್ಟ್ಯಾಂಡಿನ ತನಕ ನಡೆಯಲಾರೆ ಅಂದಳು ಅಂತ ಚಾಮರಾಜನಗರದ ರೈಲು ಹತ್ತಿದೆವು. ನಂಜನಗೂಡಿನಲ್ಲಿ ಇಳಿದು ನರಸೀಪುರದ ಬಸ್ಸು ಹಿಡಿದರೆ ಅವಳ ಊರು. ಸೀಟಿನ ಕೆಳಗೆ ಗಿಡ ಇಟ್ಟು, "ನೋಡ್ಕಳಪ್ಪ, ಕಣ್ಣು ಎಳೀತಾ ಅವೆ," ಅಂತ ಗೋಡೆಗೆ ಒರಗಿದಳು. ನೋಡಿಕೊಳ್ಳಬೇಕಾದ ನಾನೂ ನಿದ್ದೆ ಹೋದೆ.

ಎಚ್ಚರವಾದಾಗ ರೈಲು ನಂಜನಗೂಡಿನಲ್ಲಿ ನಿಂತಿತ್ತು. ದಡಬಡಿಸಿ ಎರಡೂ ಬ್ಯಾಗು ಎಳೆದು, ಅವಳ ತೋಳು ಹಿಡಿದು ಇಳಿಸಿದೆ. ಅವಳು ಮುಖ ತೊಳೆಯಲು ನಲ್ಲಿಯ ಕಡೆ ಹೋದಳು. ರೈಲು ಹೊರಟು, ಕೊನೆಯ ಡಬ್ಬಿ ದಾಟಿದ ಮೇಲೆ ನನ್ನ ಕೈ ನೋಡಿಕೊಂಡೆ. ಗಿಡ ಇರಲಿಲ್ಲ.

ಸ್ಟೇಷನ್ ಮಾಸ್ತರರಿಗೆ ಹೇಳಿದ್ದರೆ ಮುಂದಿನ ಸ್ಟೇಷನ್ನಿಗೆ, ಬದನವಾಳಿಗೋ ಎಲ್ಲಿಗೋ, ಒಂದು ಫೋನ್ ಮಾಡುತ್ತಿದ್ದರೇನೋ. ಒಂದು ಅರಳಿ ಸಸಿಗೆ ರೈಲ್ವೆಯವರನ್ನು ಓಡಿಸಿದರೆ ನಗುತ್ತಾರೆ ಅಂತ ನಾಚಿಕೆಯಾಯಿತು. ದೊಡ್ಡವ್ವನನ್ನು ಬೆಂಚಿನ ಮೇಲೆ ಕೂರಿಸಿ, ಟೀ ತರುತ್ತೇನೆ ಅಂತ ಹೊರಗೆ ಬಂದೆ. ಹಿಂದಿನ ರಸ್ತೆಯ ಹಳೆ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಗೇಣುದ್ದದ ಅರಳಿ ನಿಂತಿತ್ತು. ಮೆಲ್ಲಗೆ ಅಲ್ಲಾಡಿಸಿ ಕಿತ್ತೆ. ನೀರಿನ ಬಾಟಲಿ ಕೊಯ್ದು, ಮಣ್ಣು ತುಂಬಿ, ಕರ್ಚೀಫು ನೆನೆಸಿ ಸುತ್ತಿದೆ.

"ಬಟ್ಟೆ ನಾರ್ತಿತ್ತು, ಬದಲಾಯಿಸ್ದೆ," ಅಂದೆ, ಅವಳು ಕೇಳುವ ಮೊದಲೇ.

ದೊಡ್ಡವ್ವ ಅದನ್ನು ಕೈಗೆ ತೆಗೆದುಕೊಂಡಳು. ಬಾಟಲಿಯನ್ನು ಬೆಳಕಿಗೆ ಹಿಡಿದು ಬೇರು ನೋಡಿದಳು. ಗೋಡೆಯಲ್ಲಿ ಬೆಳೆದ ಗಿಡದ ಬೇರು ಸೊಟ್ಟಗೆ, ದಪ್ಪಗೆ ಇರುತ್ತದೆ. ನಲವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ಪೈರು ಕಿತ್ತು ನಾಟಿ ಹಾಕಿದವಳಿಗೆ ಅದು ಗೊತ್ತಾಗದೇ ಇರುತ್ತದೆಯೇ? ಆಗ ನನಗೆ ಅಷ್ಟು ಹೊಳೆಯಲಿಲ್ಲ. "ನೀರು ಉಯ್ದ್ಯಾ?" ಅಂತ ಕೇಳಿದಳು, ಅಷ್ಟೆ. ಬಚಾವಾದೆ ಅಂದುಕೊಂಡೆ.

ನರಸೀಪುರದ ಬಸ್ಸಿನಲ್ಲಿ ಅವಳಿಗೊಬ್ಬಳಿಗೆ ಸೀಟು ಸಿಕ್ಕಿತು. ಗಿಡ ಮಡಿಲಲ್ಲಿಟ್ಟುಕೊಂಡು ಗದ್ದೆಗಳ ಕಡೆ ನೋಡುತ್ತ ಕೂತಳು. ನಾನು ಕಂಬಿ ಹಿಡಿದು, ಇನ್ನೆಷ್ಟು ಸ್ಟಾಪು ಅಂತ ಲೆಕ್ಕ ಹಾಕುತ್ತ ನಿಂತೆ. ದಾರಿಯುದ್ದಕ್ಕೂ ಅವಳು ಆ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಸುಸ್ತು ಅಂದುಕೊಂಡೆ.

ನಾವು ಕೇರಿಗೆ ಕಾಲಿಟ್ಟಾಗ ಇನ್ನೂ ಬಿಸಿಲಿತ್ತು. ಹೆಂಗಸರು, ಮಕ್ಕಳು ಎಲ್ಲ ವಿಹಾರದ ಮುಂದೆ ಸೇರಿಬಿಟ್ಟರು. ವಿಹಾರ ನೋಡಿಕೊಳ್ಳುವ ಹಿರಿಯರು ಬಂದು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, "ಇದೇನಾ ಅಕ್ಕ, ನಾಗಪುರದ್ದು?" ಅಂದರು. ಹೌದು ಅನ್ನುವ ಮಾತು ನನ್ನ ಬಾಯಿತುದಿಗೆ ಬಂದಿತ್ತು.

"ಅಲ್ಲ ಕಣಪ್ಪ," ಅಂದಳು ದೊಡ್ಡವ್ವ. "ಇದು ನಂಜನಗೂಡಿನ ಗೋಡೇದು."

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಅದ್ನ ನಾನೇ ರೈಲಲ್ಲಿ ಮರ್ತು ಇಳ್ದ್ಬುಟ್ಟೆ. ವಯ್ಸಾಯ್ತಲ್ಲ. ಪಾಪ, ಈ ಹೈದ ಓಡಾಡಿ ಇದ್ನ ಉಡ್ಕಿ ಕೊಟ್ಟ."

ಒಬ್ಬಳು ಲೊಚಗುಟ್ಟಿದಳು. ಇನ್ನೊಬ್ಬಳು, "ನಿನ್ನ ನಂಬ್ಕಂಡು ಗುಂಡಿ ತೋಡಿ ಕೂತಿದ್ವಲ್ಲಕ್ಕಾ," ಅಂತ ಮುಖದ ಮೇಲೇ ಹೇಳಿದಳು. ದೊಡ್ಡವ್ವ ತಲೆ ತಗ್ಗಿಸಿ ಅದನ್ನೂ ಕೇಳಿಸಿಕೊಂಡಳು. ಅಷ್ಟು ದೂರ ಹೋಗಿ ಬಿಟ್ಟುಬಂದ ಸುಳ್ಳನ್ನು ಮನೆ ಬಾಗಿಲಿಗೆ ಬಂದು ನನಗಾಗಿ ಹೇಳಿದಳು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. "ದೊಡ್ಡವ್ವ, ಅದು..." ಅಂತ ಬಾಯಿ ತೆಗೆದೆ.

"ಓಗ್ಲಾ, ಒಂದು ಬಿಂದಿಗೆ ನೀರು ತತ್ತಾ," ಅಂತ ಗದರಿದಳು.

ಹೋದೆ. ಬಾಯಿ ಮುಚ್ಚಿಸಿದಳಲ್ಲ ಅಂತ ಒಳಗೊಳಗೇ ನೆಮ್ಮದಿಯೂ ಆಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನೀರು ತರುವಷ್ಟರಲ್ಲಿ ಅವಳೇ ಸಸಿ ನೆಟ್ಟು, ಸುತ್ತ ಮಣ್ಣು ಒತ್ತುತ್ತಿದ್ದಳು.

ಗಿಡ ಈಗ ವಿಹಾರದ ಕಿಟಕಿ ದಾಟಿದೆ. ಕೇರಿಯಲ್ಲಿ ಯಾರಾದರೂ ದೂರದೂರಿಗೆ ಹೊರಟರೆ, ಅಕ್ಕನ ಥರ ಕೈಲಿರೋದನ್ನ ರೈಲಲ್ಲಿ ಮರೆತು ಬರಬೇಡಿ ಅಂತ ಈಗಲೂ ತಮಾಷೆ ಮಾಡುತ್ತಾರೆ. ದೊಡ್ಡವ್ವನೂ ನಗುತ್ತಾಳೆ. ಅವರ ಜೊತೆ ಕೂತು ಎಷ್ಟೋ ಸಲ ನಾನೂ ನಕ್ಕಿದ್ದೇನೆ.