ಗುಳಿ ಬಿದ್ದ ಕೇಕು

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುವಾಗ ನನಗೆ ಒಂದು ಕಡೆ ನಿಲ್ಲಲಾಗುವುದಿಲ್ಲ. ಸ್ಟೇಷನ್ ಮಾಸ್ತರರಂತೆ ಹೊಟ್ಟೆ ಮುಂದೆ ಮಾಡಿಕೊಂಡು ಸ್ವಲ್ಪ ದೂರ, ಕೂಲಿಯವನಂತೆ ಕತ್ತು ಬಗ್ಗಿಸಿಕೊಂಡು ಸ್ವಲ್ಪ ದೂರ ನಡೆಯುತ್ತಲೇ ಇರುತ್ತೇನೆ. ಮೊನ್ನೆ ಹಾಗೆ ನಡೆಯುತ್ತಿದ್ದಾಗ ಬನ್ನು ಮಾರುವವನೊಬ್ಬ ತನ್ನ ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದ. ಮೊದಲು ಕಾದ ತಗಡಿನ ವಾಸನೆ, ಅದರ ಹಿಂದೆಯೇ ಬೆಣ್ಣೆ, ಕೊನೆಗೆ ಎಲ್ಲೋ ತಳದಲ್ಲಿ ಸೀದ ಬೆಲ್ಲ. ಗಾಡಿ ಬಂತು, ಹೋಯಿತು. ನಾನು ಪೆಟ್ಟಿಗೆಯ ಮುಂದೆಯೇ ನಿಂತಿದ್ದೆ, ಜೀವಮಾನದಲ್ಲಿ ಮೊದಲ ಸಲ ಅಲ್ಲಾಡದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಇದ್ದರೆ, ಗಾಡಿ ತಪ್ಪಿಸಿಕೊಂಡವನನ್ನು ಕಂಡು ನೀವು ನಗುವುದಿಲ್ಲ.

ಅದು ಚಿನ್ನದ ಗಣಿಯೂರಾದ ಚಾಂಪಿಯನ್ ರೀಫ್ಸಿನ ನಮ್ಮ ಚಿಕ್ಕಪ್ಪನ ಮನೆಯ ವಾಸನೆ. ಮನೆ ಎಂದರೆ ಗಣಿ ಕೆಲಸದವರ ಲೈನಿನಲ್ಲಿ ಒಂದು ತಟ್ಟಿ ಗೋಡೆಯ ಗೂಡು, ಮೇಲೆ ತಗಡು, ಒಳಗೆ ಹೊಗೆ. ನಮ್ಮ ಅಪ್ಪ ಅಮ್ಮ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ರಾಗಿ ಹೊಲ ನೋಡಿಕೊಂಡಿದ್ದರು. ನನ್ನನ್ನು ಓದಲಿಕ್ಕೆಂದು ಚಿಕ್ಕಪ್ಪನ ಮನೆಗೆ ಕಳಿಸಿದ್ದರು. ನಾನು ಅಲ್ಲಿ ಓದಿದ್ದು ಮನುಷ್ಯರ ದನಿಗಳನ್ನು. ಅಜ್ಜಿ ಅರ್ಧ ತೆಲುಗಿನಲ್ಲಿ ಬೈಯುವುದು, ಪಕ್ಕದ ಮನೆಯ ಕುಪ್ಪಮ್ಮ ತಮಿಳಿನಲ್ಲಿ ಅಳುವುದು, ಮೇಷ್ಟರು ಮೂಗಿನಲ್ಲಿ ಮಗ್ಗಿ ಹೇಳುವುದು ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ನನ್ನದೇ ದನಿ ಯಾವುದೆಂದು ಕೇಳಿದ್ದರೆ ಮಾತ್ರ ತಡಕಾಡಬೇಕಾಗಿತ್ತು.

ಚಿಕ್ಕಮ್ಮ ಒಂದು ಎಮ್ಮೆ ಕಟ್ಟಿದ್ದಳು. ದಿಬ್ಬದ ಮೇಲಿನ ಬಂಗಲೆಗೆ ಹಾಲು ಕೊಡಲು ಹೋಗಿ, ಅಲ್ಲಿನ ದೊರೆಸಾನಿ ಕೇಕು ಮಾಡುವುದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಕಲಿತು ಬಂದಿದ್ದಳು. ದೊರೆಸಾನಿಯ ಹತ್ತಿರ ಕಬ್ಬಿಣದ ದೊಡ್ಡ ಒಲೆ ಇತ್ತು. ಚಿಕ್ಕಮ್ಮನ ಹತ್ತಿರ ಒಂದು ಬಾಣಲೆ ಇತ್ತು. ಬಾಣಲೆಯ ತುಂಬ ಮರಳು, ಮರಳಿನ ಮೇಲೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯ ಮೇಲೆ ರೊಟ್ಟಿ ಹಂಚು, ಹಂಚಿನ ಮೇಲೆ ಕೆಂಡ. ಮೊದಲ ಸಲ ಸೈನೈಡ್ ದಿಬ್ಬದ ನುಣ್ಣನೆಯ ಬಿಳಿ ಮರಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು. ಚಿನ್ನ ತೆಗೆದ ಮೇಲೆ ವಿಷ ಉಳಿದ ಮಣ್ಣು ಅದೆಂದು ಚಿಕ್ಕಪ್ಪ ಕೂಗಾಡಿದ ಮೇಲೆ ಕೆರೆ ಕೋಡಿಯ ಮರಳು ಬಂತು. ಮೈದಾಕ್ಕೆ ಅರ್ಧ ರಾಗಿಹಿಟ್ಟು, ಸಕ್ಕರೆಗೆ ಬೆಲ್ಲ, ಉಬ್ಬಲಿಕ್ಕೆ ಕುಪ್ಪಮ್ಮ ಸೆರಗಿನಡಿ ತಂದುಕೊಡುತ್ತಿದ್ದ ಒಂದಿಷ್ಟು ಈಚಲ ಹೆಂಡ. ಹೆಂಡದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಅಜ್ಜಿ ಎರಡನೆಯ ತುಂಡಿಗೂ ಕೈ ಚಾಚುತ್ತಿದ್ದಳು. ಏನು ಹಾಕಿದ್ದೆಂದು ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ.

ಶನಿವಾರ ಚಿಕ್ಕಪ್ಪ ಪಾಳಿ ಮುಗಿಸಿ ಬರುವ ಹೊತ್ತಿಗೆ ಕೇಕು ಬಿಸಿಯಾಗಿರಬೇಕು. ಆದರೆ ಪಾಳಿ ಮುಗಿಯುವಾಗಲೇ ನೆಲದಡಿಯಲ್ಲಿ ಮದ್ದು ಸಿಡಿಸುವುದು. ನೆಲ ಗುಡುಗುಟ್ಟುತ್ತಿತ್ತು, ತಗಡು ಝಣ್ಣೆನ್ನುತ್ತಿತ್ತು, ಅರ್ಧ ಬೆಂದ ಕೇಕು ನಡುವೆ ಕುಸಿದು ಗುಳಿ ಬೀಳುತ್ತಿತ್ತು. ಸ್ವಲ್ಪ ಮುಂಚೆಯೇ ಒಲೆಗಿಟ್ಟರೆ ಬಂಗಲೆಯದರಂತೆ ದುಂಡಗೆ ಉಬ್ಬೀತೆಂದು ಕುಪ್ಪಮ್ಮ ಎಷ್ಟು ಹೇಳಿದರೂ ಚಿಕ್ಕಮ್ಮ ಕೇಳಲಿಲ್ಲ. ಬಿಸಿ ಆರಿದ್ದನ್ನು ಗಂಡನಿಗೆ ಬಡಿಸುವವಳಲ್ಲ ಅವಳು. ಗುಳಿಗೆ ಬೆಲ್ಲದ ಪಾಕ ಹೊಯ್ದು ತುಂಬುತ್ತಿದ್ದಳು. ಆ ನಡುವಿನ ತುಂಡು ಚಿಕ್ಕಪ್ಪನದು. ಬೇರೆ ಯಾರೂ ಮುಟ್ಟುವಂತಿರಲಿಲ್ಲ, ನಾನು ಕೂಡ.

ಚಿಕ್ಕಪ್ಪನಿಗೊಂದು ಕೆಮ್ಮಿತ್ತು. ಮೊದಲು ಸಣ್ಣಗೆ ಬಾಗಿಲು ತಟ್ಟಿದ ಹಾಗೆ, ಆಮೇಲೆ ಆಳದ ಬಾವಿಯಿಂದ ಕೊಡ ಎಳೆದ ಹಾಗೆ ಉದ್ದಕ್ಕೆ. ಗಣಿಯ ದೂಳಿನ ಕೆಮ್ಮು ಅದು. ನನಗೆ ಮಾತ್ರ ಅದೊಂದು ಒಳ್ಳೆಯ ಸರಕಾಗಿತ್ತು. ಓಣಿಯ ತಿರುವಿನಲ್ಲಿ ನಿಂತು ನಾನು ಕೆಮ್ಮಿದರೆ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ತಟ್ಟೆ ಇಟ್ಟು ಕಾಯುತ್ತಿದ್ದಳು. ಒಳಗೆ ಬಂದವನು ನಾನೆಂದು ತಿಳಿದಾಗ ಊದುಗೊಳವೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು.

ಒಂದು ಶನಿವಾರ ನೆಲ ಹೊತ್ತಿಗೆ ಮುಂಚೆಯೇ ನಡುಗಿತು. ಅದು ದಿನದ ಗುಡುಗಲ್ಲ. ಅಟ್ಟಣಿಗೆಯ ಪಾತ್ರೆಗಳೆಲ್ಲ ಉರುಳಿದವು, ಎಮ್ಮೆ ಹಗ್ಗ ಕಿತ್ತುಕೊಂಡಿತು. ಒಳಗೆ ಬಂಡೆ ಸಿಡಿದಿದೆ ಎಂದು ಲೈನಿನಲ್ಲಿ ಯಾರಿಗೂ ಯಾರೂ ಹೇಳಬೇಕಾಗಿರಲಿಲ್ಲ. ಹೆಂಗಸರೆಲ್ಲ ಗಣಿಗಿಳಿಯುವ ಶಾಫ್ಟಿನ ಕಡೆಗೆ ಓಡಿದರು. ಅಜ್ಜಿ ಬಾಗಿಲಲ್ಲಿ ನಿಂತು ಸೊಸೆಯನ್ನು ಕರೆದಳು.

"ಬರ್ತೀಯೇನೇ ಇಲ್ವೇನೇ?"

"ಕೇಕು ಒಲೆ ಮೇಲೈತೆ ಅತ್ತೆ. ನೀವು ಓಗಿ," ಎಂದಳು ಚಿಕ್ಕಮ್ಮ.

ಅವಳು ಒಲೆ ಬಿಟ್ಟು ಏಳಲಿಲ್ಲ. ಹಂಚಿನ ಮೇಲೆ ಕೆಂಡ ಬೂದಿಯಾದಂತೆ ಹೊಸ ಕೆಂಡ ಇಡುತ್ತ ಹೋದಳು. ಬೇಯುವುದು ಎಂದೋ ಮುಗಿದಿತ್ತು. ಸೀದ ವಾಸನೆ ಮನೆ ತುಂಬಿತ್ತು. ಮುಚ್ಚಳ ತೆಗೆದರೆ ಏನೋ ಮುಗಿದುಹೋಗುತ್ತದೆ ಎಂಬಂತೆ ಅವಳು ಮತ್ತೆ ಕೆಂಡ ಇಟ್ಟಳು. ನಾನು ಓಣಿಗೆ ಹೋದೆ, ಬಂದೆ, ನೀರು ಕುಡಿದೆ, ಮತ್ತೆ ಹೋದೆ. ಯಾರ ದನಿಯನ್ನೂ ಮಾಡಲು ಬರಲಿಲ್ಲ. ಕೊನೆಗೆ ಅವಳ ಬೆನ್ನ ಹಿಂದೆ ನೀರಿನ ಹಂಡೆಗೆ ಒರಗಿ ನಿಂತೆ.

ಆಗ ಹೊರಗೆ ಕೆಮ್ಮು ಕೇಳಿಸಿತು.

ಚಿಕ್ಕಮ್ಮ ತಲೆ ಎತ್ತಲಿಲ್ಲ. "ಇವತ್ತು ಬ್ಯಾಡ ಕಣ್ಲಾ," ಎಂದಳು. ಬೈಗುಳದ ದನಿಯಲ್ಲ, ಕೈ ಮುಗಿದು ಕೇಳಿಕೊಳ್ಳುವ ದನಿ.

"ನಾನಲ್ಲ ಚಿಕ್ಕಮ್ಮ."

ಅವಳು ತಿರುಗಿದಳು. ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದ, ತಲೆಯಿಂದ ಕಾಲಿನವರೆಗೆ ಬಿಳಿ ದೂಳು. ಅಜ್ಜಿ ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನು ಒಲೆಯ ಕಡೆ ನೋಡಿ, "ಗುಳಿ ನಂದು," ಎಂದ. ಮುಚ್ಚಳ ತೆಗೆದರೆ ಒಳಗೆ ಇದ್ದಿಲು. ಅದನ್ನೇ ಮುರಿದು, ಬೆಲ್ಲದ ಪಾಕದಲ್ಲಿ ಅದ್ದಿ, ನಾಲ್ವರೂ ತಿಂದೆವು. ಚಿಕ್ಕಮ್ಮ ತಿನ್ನುವಾಗ ಅತ್ತಳು. ಹಲ್ಲೆಲ್ಲ ಕಪ್ಪಾಗಿದ್ದ ನಮ್ಮನ್ನು ನೋಡಿ ಅಳುತ್ತಲೇ ನಕ್ಕಳು.

ಬಂಡೆ ಮಾಡದೆ ಬಿಟ್ಟ ಕೆಲಸವನ್ನು ಮುಂದೆ ಕೆಮ್ಮೇ ಮಾಡಿತು, ನಿಧಾನವಾಗಿ. ಚಿಕ್ಕಪ್ಪ ಹೋದ ಮೇಲೆ ಮನೆ ಬಿಡಬೇಕಾಯಿತು, ಎಮ್ಮೆಯನ್ನು ಕುಪ್ಪಮ್ಮನಿಗೆ ಕೊಟ್ಟು ಅತ್ತೆ ಸೊಸೆ ಇಬ್ಬರೂ ನಮ್ಮ ಹಳ್ಳಿಗೆ ಬಂದರು. ಮೊದಲ ಮಳೆಗಾಲದಲ್ಲೇ ಅಜ್ಜಿಯೂ ಹೊರಟುಹೋದಳು. ಲೈನಿನ ಆ ಸಾಲನ್ನು ಈಗ ಕೆಡವಿದ್ದಾರೆ. ಹೋಗಿ ನೋಡಿ ಬಂದೆ. ನಮ್ಮ ಒಲೆ ಯಾವ ಕಡೆಗಿತ್ತೆಂದು ಹೇಳಲು ನನಗೇ ಆಗಲಿಲ್ಲ. ಚಿಕ್ಕಮ್ಮನೂ ಈಗಿಲ್ಲ. ಇದ್ದಾಗ ಒಂದು ಸಲ, ನಾನು ಹಳ್ಳಿಗೆ ಹೋದ ಸಂಜೆ, ಏನನ್ನಿಸಿತೋ, ಬಾಣಲೆಗೆ ಮರಳು ತುಂಬಿದಳು.

ನಮ್ಮ ಹಳ್ಳಿಯ ನೆಲ ನಡುಗುವುದಿಲ್ಲ. ಮುಚ್ಚಳ ತೆಗೆದಾಗ ಕೇಕು ದುಂಡಗೆ, ತುಂಬಿ, ಎಲ್ಲೂ ತಗ್ಗದೆ ನಿಂತಿತ್ತು, ಬಂಗಲೆಯ ಕೇಕಿನ ಹಾಗೆ. ನಾನು ದೊರೆಸಾನಿಯ ದನಿಯಲ್ಲಿ ಹೊಗಳಿದೆ. ಚಿಕ್ಕಮ್ಮ ನಗಲಿಲ್ಲ. ಗುರುತಿಲ್ಲದವರು ಮನೆಗೆ ಬಂದರೆ ನೋಡುವಂತೆ ಅದನ್ನು ನೋಡುತ್ತ ಕೂತಳು. ಆಮೇಲೆ ಸೌಟು ತೆಗೆದುಕೊಂಡು ಅದರ ಬೆನ್ನಿನಿಂದ ನಡುಮಧ್ಯೆ ಮೆಲ್ಲಗೆ ಒತ್ತಿದಳು. ಗುಳಿ ಬಿತ್ತು. ಅದಕ್ಕೆ ಪಾಕ ಹೊಯ್ದು, ಒಲೆಯ ಕಡೆ ಮುಖ ಮಾಡಿಕೊಂಡು, ನನ್ನತ್ತ ತಿರುಗದೆ ಅಂದಳು:

"ಈಗ ಕೆಮ್ಲಾ."