ಅಧ್ಯಕ್ಷರ ದನಿ, ನಿಂಗವ್ವನ ಬಾಗಿಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಧ್ಯಕ್ಷರ ದನಿ ಕದ್ದವನು ನಾನೇ. ಆಗ ನನಗೆ ಹನ್ನೊಂದು ವರ್ಷ. ಈಜು ಅರ್ಧಂಬರ್ಧ ಬರುತ್ತಿತ್ತು, ಗಣಿತ ಅಷ್ಟೂ ಬರುತ್ತಿರಲಿಲ್ಲ, ಪೂರ್ತಿ ಬರುತ್ತಿದ್ದುದು ಮಂದಿಯ ದನಿ ಒಂದೇ. ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ನಿಂಗವ್ವ ಆ ಬೇಸಿಗೆಯಲ್ಲಿ ಏಳು ಗಂಡಸರ ಎದುರು ಅಪರಾಧಿಯಂತೆ ನಿಲ್ಲಬೇಕಾಗುತ್ತಿರಲಿಲ್ಲ.

ಆ ದಿನಗಳು ಎಂದರೆ ಬಹಳ ಹಿಂದಿನವೇನಲ್ಲ. ದೊಡ್ಡವರೆಲ್ಲರ ಕೈಗೆ ಫೋನು ಬಂದಿತ್ತು, ನಮ್ಮ ಕೈಗೆ ಬಂದಿರಲಿಲ್ಲ, ಅಷ್ಟೇ. ವಿಜಯಪುರದ ಏಪ್ರಿಲ್ ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಮ್ಮ ಓಣಿಯ ಹಿಂದೆ ಒಂದು ಈಜುಕೊಳ, ಅದಕ್ಕೊಂದು ಸಂಘ. ಸುತ್ತಲಿನ ಮನೆಯವರೇ ಸದಸ್ಯರು, ಮನೆಗೊಂದು ಮತ. ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಇಂದಿಗೂ ನನ್ನ ಬಾಯಲ್ಲಿ ಚುರುಮುರಿ ಸೂಸಲದ ರುಚಿ ಏಳುತ್ತದೆ. ನೀರಲ್ಲಿ ಮುಟ್ಟಾಟ ಆಡಿ ಆಡಿ ಬೆರಳು ಮುದುಡಿ, ಕಣ್ಣು ಕೆಂಪಾಗಿ, ಎದ್ದವರೇ ಗೇಟಿನ ಬಳಿಯ ಸೂಸಲದ ಗಾಡಿಗೆ ಓಡುತ್ತಿದ್ದೆವು.

ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಒಂಬತ್ತು ಮಂದಿ. ಅವರಲ್ಲಿ ಈಜು ಬಲ್ಲವರು ಇಬ್ಬರು. ಆ ಇಬ್ಬರೂ ಸಭೆಗೆ ಬರುತ್ತಿರಲಿಲ್ಲ. ಅಧ್ಯಕ್ಷರದು ಗಾಂಧಿ ಚೌಕದಲ್ಲಿ ಸಗಟು ಕಿರಾಣಿ ಅಂಗಡಿ. ಕೊಳದ ದಂಡೆಗೆ ಬಂದರೆ ಫಳಫಳ ಹೊಳೆಯುವ ಕರಿ ಬೂಟಿಗೆ ಒಂದು ಹನಿಯೂ ಸಿಡಿಯದಷ್ಟು ದೂರ ನಿಲ್ಲುತ್ತಿದ್ದರು. ಮಾತಿಗೆ ಮೊದಲು ಎರಡು ಕೆಮ್ಮು, ಆಮೇಲೆ ಮೂಗಿನಿಂದ ಒಂದು ‘ಹ್ಞಾಂ’, ಅದಾದ ಮೇಲೆ ಅಪ್ಪಣೆ. ಕಾರ್ಯದರ್ಶಿಗಳು ಬಬಲೇಶ್ವರದ ನಿವೃತ್ತ ಮಾಸ್ತರು. ಕೊಳದಲ್ಲಿ ಪಾಚಿ ಕಟ್ಟಿದಾಗ ‘ಜಲಮೇಲ್ಮೈಯ ಹಸಿರೀಕರಣವನ್ನು ಸಭೆಯು ಗಂಭೀರವಾಗಿ ಪರಿಗಣಿಸಿತು’ ಎಂದು ಠರಾವು ಬರೆದರು. ಪಾಚಿ ಆ ಠರಾವನ್ನು ಪರಿಗಣಿಸಲಿಲ್ಲ.

ಮಕ್ಕಳ ಬಗ್ಗೆ ಇವರಿಗಿದ್ದ ಕಾಳಜಿ ಕೇಳಬೇಕೇ! ಮಕ್ಕಳ ದೂರು ಪೆಟ್ಟಿಗೆ ಎಂದು ಒಂದನ್ನು ಗೋಡೆಗೆ ಬಡಿದಿದ್ದರು. ಅದರ ಕೀಲಿ ಅಧ್ಯಕ್ಷರ ಅಂಗಡಿಯಲ್ಲಿ. ಅಧ್ಯಕ್ಷರ ಮೇಲೆ ದೂರಿದ್ದರೆ ಮೊದಲು ಅವರಿಗೇ ತಲುಪಲಿ ಎಂಬ ದೂರದೃಷ್ಟಿ. ಮುಳುಗುವವರಿಗೆ ಎಸೆಯಲು ಒಂದು ಗಾಳಿ ಟ್ಯೂಬು ಇತ್ತು. ಹೊಸದು ಕೆಟ್ಟೀತೆಂದು ಅದರ ಪ್ಲಾಸ್ಟಿಕ್ ಕವರನ್ನು ಯಾರೂ ಬಿಚ್ಚಿರಲಿಲ್ಲ. ಕೆಲಸಕ್ಕೆ ಬರುತ್ತಿದ್ದ ನಿಯಮ ಒಂದೇ ಒಂದು. ಅದನ್ನೂ ಮಾಡಿದವರು ಸಮಿತಿಯವರಲ್ಲ. ತಾಯಂದಿರು ಹಟ ಹಿಡಿದು ಸರ್ವಸದಸ್ಯರ ಸಭೆಯಲ್ಲಿ ಪಾಸು ಮಾಡಿಸಿದ್ದು. ನೀಲಿ ಬಣ್ಣದಲ್ಲಿ ಗೋಡೆಯ ಮೇಲೆ ಬರೆಸಿದ್ದರು: ‘ಮಕ್ಕಳು ಬಟ್ಟೆ ಬದಲಿಸುವ ಆವರಣಕ್ಕೆ ಪಾಲಕಿಯ ಹೊರತು ದೊಡ್ಡವರು ಯಾರೂ ಪ್ರವೇಶಿಸತಕ್ಕದ್ದಲ್ಲ.’

ಆ ಪಾಲಕಿಯೇ ನಿಂಗವ್ವ. ತಿಕೋಟಾ ಕಡೆಯ ಘೋಣಸಗಿಯವಳು, ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ನಾವೆಲ್ಲ ಆಯಿ ಎನ್ನುತ್ತಿದ್ದೆವು. ಮಕ್ಕಳ ಆವರಣಕ್ಕೆ ಒಂದು ಹಲಗೆ ಬಾಗಿಲು, ಒಳಗೆ ಸಣ್ಣ ಅಂಗಳ, ಎಡಕ್ಕೆ ಹುಡುಗರ ಕೋಣೆ, ಬಲಕ್ಕೆ ಹುಡುಗಿಯರದು. ಅಂಗಳದ ನಡುವೆ ಸ್ಟೂಲು, ಸ್ಟೂಲಿನ ಮೇಲೆ ನಿಂಗವ್ವ. ಬಾಗಿಲು ಕೆಳಗಡೆ ನಾಲ್ಕು ಬೆರಳು ಗಿಡ್ಡವಾಗಿತ್ತು. ಬಡಗಿಯ ಆ ತಪ್ಪನ್ನು ಸಮಿತಿ ಮೂರು ಸಭೆಗಳಲ್ಲಿ ಚರ್ಚಿಸಿ ಹಾಗೇ ಬಿಟ್ಟಿತ್ತು.

ಸಮಿತಿಯ ಬಳಿ ಹಾಜರಿ ಪುಸ್ತಕವಿತ್ತು. ನಿಂಗವ್ವನ ಬಳಿ ಚಪ್ಪಲಿಗಳಿದ್ದವು. ಒಳಗೆ ಬಂದ ಮಗು ಗೋಡೆಗುಂಟ ಸಾಲಾಗಿ ಚಪ್ಪಲಿ ಬಿಡಬೇಕು, ಹೋಗುವಾಗ ಮೆಟ್ಟಿಕೊಂಡು ಹೋಗಬೇಕು. ಸಾಲಿನಲ್ಲಿ ಒಂದು ಜೋಡು ಉಳಿದಿದ್ದರೆ ಒಂದು ಮಗು ಇನ್ನೂ ನೀರಲ್ಲಿದೆ. ಅಷ್ಟೇ ಲೆಕ್ಕ. ಯಾವ ಚಪ್ಪಲಿ ಯಾರದೆಂದು ಅವಳಿಗೆ ನಮ್ಮ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಬಲಗಾಲಿನ ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಟ ಹರಿದಿತ್ತು, ಅವ್ವ ಅದಕ್ಕೊಂದು ಪಿನ್ನು ಚುಚ್ಚಿದ್ದಳು.

ಒಂದು ದಿನ ಸೂಸಲದ ವಾಸನೆಗೆ ಬುದ್ಧಿ ಒಪ್ಪಿಸಿ ಬರಿಗಾಲಲ್ಲೇ ಗಾಡಿಗೆ ಓಡಿದೆ, ಅಲ್ಲಿಂದ ಹಾಗೇ ಮನೆಗೆ. ಊಟಕ್ಕೆ ಕೂತಿದ್ದೆ. ಹೊಸ್ತಿಲಲ್ಲಿ ನಿಂಗವ್ವ ಬಂದು ನಿಂತಳು. ಸೀರೆಯಿಂದ ನೀರು ಸುರಿಯುತ್ತಿತ್ತು. ಕೈಯಲ್ಲಿ ನನ್ನ ಚಪ್ಪಲಿ.

“ಹುಡುಗ ಮನ್ಯಾಗ ಅದಾನಿಲ್ಲ?”

“ಅದಾನ, ಉಣ್ಣಾಕತ್ತಾನ. ಯಾಕ ಬೇ, ಏನಾತು?” ಎಂದಳು ಅವ್ವ.

“ಏನಿಲ್ಲ ತಂಗಿ. ಅದಾನಲ್ಲ, ಸಾಕು.”

ಒಂದು ಜೋಡು ಉಳಿದದ್ದು ಕಂಡು ಉಟ್ಟ ಸೀರೆಯಲ್ಲೇ ಕೊಳಕ್ಕೆ ಹಾರಿ, ತಳದ ಮೂಲೆಮೂಲೆ ತಡಕಾಡಿ ಬಂದಿದ್ದಳು. ಅವಳು ಹೊಲದ ಬಾವಿಯಲ್ಲಿ ಈಜು ಕಲಿತವಳು ಎಂಬುದು ಆವತ್ತೇ ನಮಗೆ ಗೊತ್ತಾದದ್ದು. ಕೆಲಸಕ್ಕೆ ಇಟ್ಟುಕೊಂಡ ಸಮಿತಿ ಅದನ್ನು ಕೇಳಿರಲೇ ಇಲ್ಲ. ಚಪ್ಪಲಿಗಳನ್ನು ಹೊಸ್ತಿಲ ಪಕ್ಕ ಜೋಡಿಸಿಟ್ಟು ಅಲ್ಲೇ ಕುಸಿದು ಕೂತಳು. ನಾನು ರೊಟ್ಟಿಯ ತುತ್ತನ್ನು ಬಾಯಲ್ಲಿ ಇಟ್ಟುಕೊಂಡೇ ನೋಡುತ್ತಿದ್ದೆ.

ಇಷ್ಟಾದ ಮೇಲೂ ಬುದ್ಧಿ ಬಂತೇ? ನನಗೆ? ವಾರ ಕಳೆಯುವುದರೊಳಗೆ ಆ ಹಲಗೆ ಬಾಗಿಲಿನ ಹೊರಗೆ ನಿಂತು ಎರಡು ಸಲ ಕೆಮ್ಮಿದೆ.

“ಹ್ಞಾಂ. ನಿಂಗವ್ವಾ, ಬಾಗಲಾ ತಗಿ. ನಾ ಅಧ್ಯಕ್ಷ ಅದೇನಿ.”

ಒಳಗೆ ಹುಡುಗರ ಗದ್ದಲ ಗಪ್ಪನೆ ನಿಂತಿತು. ಆಮೇಲೆ ನಿಂಗವ್ವನ ದನಿ: “ಅಧ್ಯಕ್ಷರ ಚಪ್ಪಲಿಗೆ ಯಾವಾಗ ಪಿನ್ನಾ ಚುಚ್ಚಿದ್ರೋ, ಬಾಡ್ಯಾ?”

ಚಿಲಕ ತೆಗೆದಳು, ಕಿವಿ ಹಿಂಡಿದಳು, ಒಳಗೆಳೆದುಕೊಂಡಳು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಕಿವಿ ಉರಿಯುತ್ತಿತ್ತು, ಆದರೆ ಕಲಾವಿದನಿಗೆ ಚಪ್ಪಾಳೆ ಬಿದ್ದ ಮೇಲೆ ಕಿವಿಯ ಚಿಂತೆ ಯಾಕೆ? ದಿನವೂ ಅದೇ ಆಟ ಶುರುವಾಯಿತು.

ಅಷ್ಟರಲ್ಲಿ ಸಂಘದ ವಾರ್ಷಿಕೋತ್ಸವ ಬಂತು. ಅಧ್ಯಕ್ಷರು ಒಬ್ಬ ಅತಿಥಿಯನ್ನೂ ಒಬ್ಬ ಫೋಟೋಗ್ರಾಫರನನ್ನೂ ಕರೆದುಕೊಂಡು ನೆಟ್ಟಗೆ ಮಕ್ಕಳ ಬಾಗಿಲಿಗೇ ಬಂದರು. ನಾನು ಹಿಂದೆ ನಳದ ಬಳಿ ಕಾಲು ತೊಳೆಯುತ್ತಿದ್ದೆ. ಎರಡು ಕೆಮ್ಮು ಬಂತು, ಈ ಸಲ ಅಸಲಿಯದು.

“ಹ್ಞಾಂ. ನಿಂಗವ್ವಾ, ಬಾಗಲಾ ತಗಿ. ಸಾಹೇಬ್ರು ಬಂದಾರ. ಹುಡುಗೂರು ತಯಾರ ಆಗೂದು ಒಂದ್ ಫೋಟೋ ಹೊಡಕೋತಾರ.”

“ಹುಡುಗೂರು ಅರಬಿ ಬದಲಸಾಕತ್ತಾವ. ತಗಿಯೂದುಲ್ಲ.”

“ಏ, ನಾ ಅಧ್ಯಕ್ಷ ಅದೇನಿ!”

“ಯಾರರ ಇರವಲ್ಯಾಕ. ಹೋಗ್ತಿಯೋ, ಬಂದು ಕಿವಿ ಹಿಂಡ್ಲೋ?”

ಅತಿಥಿ ಆಕಾಶ ನೋಡಿದರು. ಫೋಟೋಗ್ರಾಫರ್ ಶುದ್ಧವಾಗಿಯೇ ಇದ್ದ ಕ್ಯಾಮೆರಾದ ಕಣ್ಣನ್ನು ಒರೆಸತೊಡಗಿದ. ಯಾರೂ ಹಿಂಡದಿದ್ದರೂ ಅಧ್ಯಕ್ಷರ ಎರಡೂ ಕಿವಿ ಕೆಂಪಾಗಿದ್ದವು.

ಮೂರನೆಯ ದಿನಕ್ಕೆ ಎಲ್ಲ ಸದಸ್ಯರ ತುರ್ತು ಸಭೆ ಕರೆದರು. ಪಾಚಿಗೆ ಇಲ್ಲದ ತುರ್ತು ಕಿವಿಗೆ ಬಂದಿತ್ತು. ವಿಷಯ: ಪಾಲಕಿಯ ಅಶಿಸ್ತು. ‘ಸದರಿ ಪಾಲಕಿಯನ್ನು ಸೇವೆಯಿಂದ ಬಿಡುಗಡೆಗೊಳಿಸುವ ಕುರಿತು’ ಎಂದು ಕಾರ್ಯದರ್ಶಿಗಳು ಓದಿ ಮುಗಿಸುವ ಮೊದಲೇ ಸಮಿತಿಯ ಕೈಗಳು ಮೇಲೆದ್ದಿದ್ದವು. ನೀಲಿ ಬಣ್ಣದ ನಿಯಮ ಅವರ ಬೆನ್ನ ಹಿಂದೆಯೇ ಇತ್ತು. ಕತ್ತು ತಿರುಗಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ನಿಂಗವ್ವ ಹೋದರೆ ಸ್ಟೂಲಿನ ಮೇಲೆ ಅಧ್ಯಕ್ಷರ ಅಂಗಡಿಯ ಆಳು ಬಂದು ಕೂರುತ್ತಾನೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ತಗಿ ಎಂದರೆ ತೆಗೆಯುವವನು. ಚಪ್ಪಲಿ ಉಳಿದರೆ ಮೂಲೆಗೆ ತಳ್ಳುವವನು.

ನಾನು ಅವ್ವನ ಪಕ್ಕದಿಂದ ಎದ್ದು ನಿಂತೆ.

“ಆಯಿದು ತಪ್ಪಲ್ಲರಿ, ನಂದು ತಪ್ಪು. ನಾ ದಿನಾ ಬಾಗಲದಾಗ ನಿಂತು ಅಧ್ಯಕ್ಷರ ದನಿ ಮಾಡತಿದ್ದೆ. ಆಯಿ ನಾನ ಅಂತ ತಿಳಕೊಂಡಾಳ.”

“ಏನಂದಿ? ನನ್ನ ದನಿ? ಮಾಡಿ ತೋರ್ಸಲೇ!” ಎಂದರು ಅಧ್ಯಕ್ಷರು.

ಅಪ್ಪಣೆಯಾಯಿತಲ್ಲ, ಮಾಡಿದೆ. ಎರಡು ಕೆಮ್ಮು, ಒಂದು ‘ಹ್ಞಾಂ’. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಿಟ್ಟು ನೆತ್ತಿಗೇರಿದ ಅಧ್ಯಕ್ಷರು ಮಾತಾಡಲು ಹೋಗಿ ಎರಡು ಸಲ ಕೆಮ್ಮಿದರು. ಸಭೆ ಮತ್ತೊಮ್ಮೆ ನಕ್ಕಿತು.

ಕಾರ್ಯದರ್ಶಿಗಳಿಗೆ ಮಾತ್ರ ಪರಮಾನಂದ. ‘ಧ್ವನಿಸಾಮ್ಯದಿಂದ ಉಂಟಾದ ಪ್ರಮಾದ’ ಎಂದು ಬರೆದೇಬಿಟ್ಟರು. ಎಲ್ಲರ ಮರ್ಯಾದೆಯೂ ಉಳಿಯುವ ದಾರಿ ಸಿಕ್ಕಿತ್ತು. ಅಧ್ಯಕ್ಷರೂ ಕುರ್ಚಿಗೆ ಒರಗಿದರು.

“ಹಂಗಾರ ಮುಗೀತು ಬಿಡು, ನಿಂಗವ್ವಾ. ‘ನಿಮ್ಮ ದನಿ ಗುರ್ತು ಸಿಗಲಿಲ್ಲ, ಈ ಹುಡುಗ ಅಂತ ತಿಳದಿದ್ದೆ, ತಪ್ಪಾತು’ ಅನ್ನು. ನಾಳಿಂದ ಕೆಲಸಕ್ಕ ಬಾ.”

ಹೂಂ ಅನ್ನು ಆಯಿ, ಹೂಂ ಅನ್ನು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

ಮೊನ್ನೆ ಅಕ್ಕನ ಮಗನನ್ನು ಕರೆತರಲು ಅದೇ ಕೊಳಕ್ಕೆ ಹೋಗಿದ್ದೆ. ಈಗ ಮಕ್ಕಳ ಸುರಕ್ಷಾ ಉಪಸಮಿತಿ ಎಂದೇ ಒಂದಿದೆ, ಏಳು ಮಂದಿ ಸದಸ್ಯರು, ಅವರ ವಾಟ್ಸಾಪ್ ಗುಂಪಿನಲ್ಲಿ ದಿನ ಬೆಳಗಾದರೆ ಹೂವಿನ ಚಿತ್ರಗಳು. ಬಾಗಿಲು ನೆಲಕ್ಕೆ ತಾಗುವಂತೆ ಹೊಸದಾಗಿದೆ. ನೀಲಿ ಅಕ್ಷರಗಳ ಮೇಲೆ ಪದಾಧಿಕಾರಿಗಳ ನಗುಮುಖದ ಬ್ಯಾನರು. ಮಕ್ಕಳು ಚಪ್ಪಲಿಯನ್ನು ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಗೋಡೆಗುಂಟ ಸಾಲಿಲ್ಲ, ಸ್ಟೂಲೂ ಇಲ್ಲ. ಒಳಗೆ ಎಷ್ಟು ಹುಡುಗರಿದ್ದಾರೆ ಎಂದು ಮೇಜಿನ ಹಿಂದೆ ಕೂತವನನ್ನು ಕೇಳಿದೆ. “ಸಿಸ್ಟಮ್‌ನ್ಯಾಗ ನೋಡಬೇಕ್ರಿ,” ಎಂದ. ನೋಡಲಿಲ್ಲ.

ನಿಂಗವ್ವ ಮಂಡಿ ಸೋಲುವ ತನಕ ಆ ಬಾಗಿಲು ಕಾಯ್ದಳು. ಆಮೇಲೆ ಘೋಣಸಗಿಗೆ ಹೋದವಳು ಮತ್ತೆ ಬರಲಿಲ್ಲ. ಆ ಒಂಬತ್ತೂ ಮಂದಿಯ ದನಿ ನನಗೆ ಈಗಲೂ ಬರುತ್ತದೆ, ಕೆಮ್ಮಿದರೆ ಸಾಕು. ಅವಳದು ಮಾತ್ರ ಎಷ್ಟು ಸಲ ಮಾಡಿದರೂ ಬರುವುದಿಲ್ಲ. ಪದಗಳು ಬರುತ್ತವೆ, ಅಷ್ಟೇ. ಆವತ್ತು ಅವಳು ಹೂಂ ಅನ್ನಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು, ಅಧ್ಯಕ್ಷರ ಮುಖ ಬಿಟ್ಟು ಕಾಲು ನೋಡುತ್ತ ಒಂದು ಮಾತು ಹೇಳಿದಳು. ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ಹಾಕಿದರು, ತಾಯಂದಿರು ಗೋಡೆಯ ನೀಲಿ ಅಕ್ಷರಗಳ ಕಡೆ ಬೆರಳು ತೋರಿಸಿದರು, ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

“ಬಾಗಲ ಬುಡಕ ನಿಮ್ಮ ಬೂಟು ಕಂಡಿದ್ವರಿ, ಸಾಹೇಬ್ರ. ಅದಕ್ಕ ತಗೀಲಿಲ್ಲ. ಈ ಹುಡುಗ ಆಗಿದ್ರ ತಗೀತಿದ್ದೆ.”